ಚೌಳು ನೆಲದ ಕ್ವಿನೋವಾ: ಮೊಳಕೆಯ ಮಾತು ಬಿಡಬೇಡಿ

ಮಾನ್ಯರೇ,

ಕ್ವಿನೋವಾ ಎಂಬ ಕಿರುಕಾಳು ಉಪ್ಪು ತಾಳುವ ಬೆಳೆ ಎಂದು ಹೊಗಳುವವರು ಮೊಳಕೆಯ ಹಂತವನ್ನೇ ಮರೆಯುತ್ತಾರೆ. ಬೆಳೆದ ಗಿಡಕ್ಕಿರುವ ತಾಳಿಕೆ ಮೊಳೆಯುವ ಕಾಳಿಗಿಲ್ಲ. 15ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳ್ಳೆಯ ಬೀಜ ಒಂದೆರಡು ದಿನಕ್ಕೇ ದಾರದೆಳೆಯಂಥ ಬಿಳಿ ಬೇರು ಚಾಚುತ್ತದೆ. ಚಳಿಯಲ್ಲಿ ನಿಧಾನ, ಅಷ್ಟೇ. 35 ದಾಟಿದರೆ ಕಷ್ಟ. ಜೊತೆಗೆ ಉಪ್ಪೂ ಸೇರಿದರೆ ಪೆಟ್ಟು ಇನ್ನೂ ಜೋರು.

ಬಿತ್ತುವ ಮುನ್ನ ಎರಡು ತಟ್ಟೆಗಳಲ್ಲಿ ಒದ್ದೆ ಕಾಗದದ ಮೇಲೆ ನೂರು ನೂರು ಕಾಳು ಹರಡಿ. ಒಂದಕ್ಕೆ ಸಿಹಿನೀರು, ಇನ್ನೊಂದಕ್ಕೆ ಲೀಟರಿಗೆ 6 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರು. ಮುಚ್ಚಿಡಿ, ಇಲ್ಲದಿದ್ದರೆ ನೀರಾರಿ, ಉಪ್ಪು ಗಾಢವಾಗಿ ಲೆಕ್ಕ ಕೆಡುತ್ತದೆ. ಐದನೇ ದಿನ ಎಣಿಸಿ. ಉಪ್ಪಿನಲ್ಲಿ ಮೊಳೆಯದ ಕಾಳನ್ನು ತೊಳೆದು ಸಿಹಿನೀರಿಗೆ ಹಾಕಿ. ಆಗ ಮೊಳೆತರೆ, ಉಪ್ಪು ಅದಕ್ಕೆ ನೀರು ಹೀರಲು ಬಿಟ್ಟಿರಲಿಲ್ಲ ಎಂದರ್ಥ. ಮೆತ್ತಗಾಗಿ ಕೊಳೆತರೆ ಸೋಡಿಯಂ, ಕ್ಲೋರೈಡ್ ಒಳಹೊಕ್ಕು ಭ್ರೂಣವನ್ನೇ ಕೊಂದಿರಬಹುದು.

ಹೊಲದಲ್ಲಿ ಕಾಳು ಕೂರುವುದು 1–2 ಸೆಂ.ಮೀ. ಆಳದಲ್ಲಿ. ನೀರು ಆವಿಯಾದಾಗ ಉಪ್ಪು ಬಂದು ಸೇರುವುದೂ ಅಲ್ಲೇ! ಹಾಗಾಗಿ ಅಡಿಗಟ್ಟಲೆ ಆಳದ ಮಣ್ಣಿನ ವರದಿ ಸಾಲದು, ಮೇಲ್ಪದರವನ್ನು ಬೇರೆಯಾಗಿ ಪರೀಕ್ಷಿಸಿ. ಏರುಮಡಿಯ ನೆತ್ತಿಯಲ್ಲಿ ಉಪ್ಪು ಹೆಚ್ಚು; ಪಕ್ಕದ ಇಳಿಜಾರಿನಲ್ಲಿ ಬಿತ್ತಿ.

– ಬೀಜ ಪರೀಕ್ಷೆಯ ಕೆಲಸದಲ್ಲಿರುವ ಓದುಗರು