ಮಕ್ಕಳಿದ್ದಾರೆ, ಮೈದಾನ ಬೇಕು: ನಮ್ಮ ಶಾಲೆಯ ರಗ್ಬಿ ಕ್ಲಬ್ಬಿಗಾಗಿ ಮನವಿ

ಊರಿನ ಹಿರಿಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಕಲಬುರಗಿ ಸೀಮೆಯ ಎಲ್ಲ ಬಂಧುಗಳಿಗೆ ಶರಣು ಶರಣಾರ್ಥಿ.

ನಮ್ಮ ಶಾಲೆಯಲ್ಲಿ ರಗ್ಬಿ ಶುರುವಾಗಿದ್ದು ಒಂದೇ ಒಂದು ಚೆಂಡಿನಿಂದ. ಪುಣೆಯಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಜಾತ್ರೆಗೆ ಬಂದಾಗ ಅದನ್ನು ತಂದುಕೊಟ್ಟ. ಮಕ್ಕಳು ಅದಕ್ಕೆ ‘ತತ್ತಿ ಚೆಂಡು’ ಎಂದು ಹೆಸರಿಟ್ಟರು. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹೇಳಲು ಬರುವುದಿಲ್ಲ. ಅದೇ ಅವರಿಗೆ ಇಷ್ಟವಾಯ್ತು. ಕಬಡ್ಡಿ ಆಡಿ ಬೆಳೆದ ಮಕ್ಕಳು, ಓಡುವವನನ್ನು ಹಿಡಿದು ಕೆಡವುವುದು ಅವರಿಗೆ ಹೊಸದಲ್ಲ. ಕಲಿಸಬೇಕಾಗಿ ಬಂದದ್ದು ಎರಡು ಮಾತು. ಹೆಗಲಿಗಿಂತ ಮೇಲೆ ಕೈ ಹಾಕಬಾರದು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಬಾರದು, ಪಕ್ಕದಲ್ಲಿ ಅಥವಾ ಹಿಂದೆ ಬರುವ ಜೊತೆಗಾರನಿಗೇ ಕೊಡಬೇಕು. ಎರಡನೆಯದನ್ನು ಕಲಿಯಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು.

‘ಇದು ಬ್ರಿಟಿಷರ ಆಟ, ನಮಗ್ಯಾಕೆ?’ ಎಂದು ಕೆಲವರು ಕೇಳುತ್ತಾರೆ. ಅವರಿಗೆ ನಾನು ಕಲ್ಕತ್ತಾದ ಕಥೆ ಹೇಳುತ್ತೇನೆ.

1872ರ ಕ್ರಿಸ್ಮಸ್ ದಿನ ಕಲ್ಕತ್ತಾದಲ್ಲಿ ಒಂದು ರಗ್ಬಿ ಪಂದ್ಯ ನಡೆಯಿತು. ಮುಂದಿನ ತಿಂಗಳು, ಅಂದರೆ 1873ರ ಜನವರಿಯಲ್ಲಿ, ಅಲ್ಲಿದ್ದ ಬ್ರಿಟಿಷರು ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಹೆಸರಿನಲ್ಲಿ ಫುಟ್‌ಬಾಲ್ ಇದ್ದರೂ ಅಲ್ಲಿ ಆಡುತ್ತಿದ್ದದ್ದು ರಗ್ಬಿಯೇ. ನಾಲ್ಕೈದು ವರ್ಷ ಆಟ ನಡೆಯಿತು. ಆಮೇಲೆ ಸೇನೆಯ ಒಂದು ರೆಜಿಮೆಂಟ್ ಊರು ಬಿಟ್ಟಿತು. ಬಿಸಿಲಿಗೆ ಹೆದರಿ ಉಳಿದವರೂ ಪೋಲೊ, ಟೆನಿಸ್ ಕಡೆ ಹೋದರು. ಬ್ಯಾಂಕಿನಲ್ಲಿ ಹಣ ಇತ್ತು, ಮೈದಾನದಲ್ಲಿ ಜನ ಇರಲಿಲ್ಲ. ಕ್ಲಬ್ ಮುಚ್ಚುವಾಗ ಆ ಹಣವನ್ನು 270 ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ನಮ್ಮ ದೇಶದ ಕುಶಲಕರ್ಮಿಗಳ ಕೈಕೆಲಸ ಅದು. ಮೂರು ಹಿಡಿಕೆಗಳೂ ನಾಗರಹಾವು, ಮುಚ್ಚಳದ ಮೇಲೆ ಆನೆ. ಬಿದರಿ ಕೆಲಸದ ಬೆಳ್ಳಿ ಎಳೆಗಳನ್ನು ನೋಡುತ್ತಾ ಬೆಳೆದ ನಮ್ಮ ಭಾಗದವರಿಗೆ ಆ ಕೈಚಳಕದ ಬೆಲೆ ಗೊತ್ತು, ಅಲ್ವಾ? 1878ರಲ್ಲಿ ಅದನ್ನು ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟರು. 1879ರಿಂದ ಇಂದಿನವರೆಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ‘ಕಲ್ಕತ್ತಾ ಕಪ್‌’ಗಾಗಿ ಸೆಣಸುತ್ತಿವೆ.

ನಮ್ಮ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಆಡುವ ಮಕ್ಕಳಿದ್ದಾರೆ. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು, ಶಾಲೆಯ ಗೇಟು ತೆಗೆಯುವ ಮೊದಲೇ ಬಂದು ನಿಂತಿರುತ್ತಾರೆ. ಹೆಣ್ಣುಮಕ್ಕಳೂ ಬರುತ್ತಾರೆ. 2019ರಲ್ಲಿ ಮನಿಲಾದಲ್ಲಿ ಭಾರತದ ಮಹಿಳಾ ತಂಡ ಸಿಂಗಪುರವನ್ನು 21-19ರಿಂದ ಸೋಲಿಸಿದ್ದನ್ನು ಅವರು ಬಾಯಿಪಾಠ ಹೇಳುತ್ತಾರೆ. ಹದಿನೈದು ಜನರ ರಗ್ಬಿಯಲ್ಲಿ ನಮ್ಮ ಮಹಿಳಾ ತಂಡಕ್ಕೆ ಅದೇ ಮೊದಲ ಅಂತರರಾಷ್ಟ್ರೀಯ ಗೆಲುವು. 2007ರಲ್ಲಿ ಒಡಿಶಾದ ಆದಿವಾಸಿ ಹುಡುಗರು ಲಂಡನ್ನಿಗೆ ಹೋಗಿ 14 ವರ್ಷದೊಳಗಿನವರ ಪಂದ್ಯಾವಳಿ ಗೆದ್ದು ಬಂದರು. ಅವರೂ ನಮ್ಮ ಮಕ್ಕಳ ಹಾಗೆ ಬಡ ಮನೆಗಳಿಂದ ಬಂದವರೇ.

ನಮ್ಮಲ್ಲಿ ಇಲ್ಲದ್ದು ಆಡುವ ನೆಲ. ಶಾಲೆಯ ಬಯಲು ಪೂರ್ತಿ ಎರೆ ಮಣ್ಣು. ತೊಗರಿಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಆದರೆ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮಳೆ ಬಂದರೆ ಹೆಜ್ಜೆಗೆ ಒಂದು ಸೇರು ಕೆಸರು ಅಂಟುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಹುಡುಗನೊಬ್ಬ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಈಗ ಗುಣವಾಗಿದ್ದಾನೆ. ಅವನ ತಾಯಿ ನನಗೆ ಬೈಯಲಿಲ್ಲ. ‘ಸರ್, ಆಡೋದು ಬೇಡ ಅನ್ನಲ್ಲ. ಬಿದ್ದರೆ ಪೆಟ್ಟಾಗದ ಜಾಗ ಮಾಡಿ’ ಎಂದರು. ಅಂದಿನಿಂದ ಕೆಡವುವ ಆಟ ನಿಲ್ಲಿಸಿದ್ದೇನೆ. ಸುಮ್ನೆ ಮುಟ್ಟಿ ಆಡುತ್ತಿದ್ದೇವೆ. ಈ ಮನವಿ ಬರೆಯಲು ಕೂತದ್ದೂ ಆ ತಾಯಿಯ ಮಾತಿನಿಂದಲೇ.

ಬಯಲನ್ನು ಸಮ ಮಾಡಿ, ಕೆಂಪು ಮಣ್ಣು ಮತ್ತು ಮರಳು ಬೆರೆಸಿ ಹಾಸಬೇಕು. ಅದರ ಮೇಲೆ ಗರಿಕೆ ಹಚ್ಚಬೇಕು. ನಮ್ಮ ಬಿಸಿಲು ತಡೆಯುವ ಹುಲ್ಲು ಅದೊಂದೇ, ಕಿತ್ತರೂ ಮತ್ತೆ ಚಿಗುರುತ್ತದೆ. ಶಾಲೆಯ ಬೋರ್‌ವೆಲ್‌ನಿಂದ ನೀರು ತರಲು ಪೈಪು, ಸ್ಪ್ರಿಂಕ್ಲರ್ ಬೇಕು. ಎರಡೂ ತುದಿಗೆ ಗೋಲ್ ಕಂಬ ನಿಲ್ಲಿಸಬೇಕು. ವೆಲ್ಡಿಂಗ್ ಅಂಗಡಿಯವರು ‘ಪೈಪ್ ಮಾತ್ರ ತನ್ನಿ, ಕೂಲಿ ಬೇಡ’ ಎಂದಿದ್ದಾರೆ. ಚೆಂಡು, ಹಲ್ಲು ಕಾಯುವ ಮೌತ್‌ಗಾರ್ಡ್, ಬೂಟುಗಳೂ ಬೇಕು. ಆದರೆ ಮೊದಲು ಮಣ್ಣು.

ಟ್ರ್ಯಾಕ್ಟರ್ ಇರುವವರು ಒಂದು ದಿನ ಗಾಡಿ ಕೊಟ್ಟರೂ ಅದು ದೇಣಿಗೆಯೇ. ಹತ್ತು ರೂಪಾಯಿ ಕೊಟ್ಟರೂ ರಶೀದಿ ಕೊಡುತ್ತೇವೆ. ಬಂದದ್ದು, ಖರ್ಚಾದದ್ದು ಎರಡನ್ನೂ ಪ್ರತಿ ತಿಂಗಳು ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ದೂರದ ಊರಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಾಲೆಯ ಕಚೇರಿಗೆ ಫೋನ್ ಮಾಡಿದರೆ ಟ್ರಸ್ಟಿನ ಖಾತೆಯ ವಿವರ ಸಿಗುತ್ತದೆ.

ಮಿರಗದ ಮಳೆ ಬೀಳುವ ಮೊದಲು ಮಣ್ಣು ಹಾಸಿ ಮುಗಿಯಬೇಕು. ಮಳೆ ಬಿದ್ದ ವಾರವೇ ಮಕ್ಕಳು ತಮ್ಮ ಕೈಯಾರೆ ಗರಿಕೆ ಹಚ್ಚುತ್ತಾರೆ. ಆ ದಿನ ನೀವೂ ಬನ್ನಿ.

ಇಂತಿ,
ಶಾಲಾ ಟ್ರಸ್ಟ್ ಮತ್ತು ರಗ್ಬಿ ಮಕ್ಕಳ ಪರವಾಗಿ,
ದೈಹಿಕ ಶಿಕ್ಷಕ