ಎರಡು-ಮೂರು ಬೆಕ್ಕು ಸಾಕಿದವರಿಗೆ: ಲಿಟರ್ ಬಾಕ್ಸ್ ವಿಚಾರ

ಎಲ್ಲರಿಗೂ ನಮಸ್ಕಾರ. ಲಿಟರ್ ಬಾಕ್ಸ್, ಅಂದರೆ ಬೆಕ್ಕು ಮನೆಯೊಳಗೆ ಮಲಮೂತ್ರ ಮಾಡಲು ಇಡುವ ಡಬ್ಬ, ಎಷ್ಟು ಬೇಕು, ಎಲ್ಲಿ ಇಡಬೇಕು, ಎಂಥದ್ದಿರಬೇಕು ಅಂತ ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇಡಿ. ಮೂರು ಬೆಕ್ಕಿಗೆ ನಾಲ್ಕು. ಆದರೆ ನಾಲ್ಕನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಬಾಕ್ಸ್. ಜೋರಿನ ಬೆಕ್ಕು ದಾರಿಗೆ ಅಡ್ಡ ಕೂತರೆ ಉಳಿದವು ಆ ಕಡೆ ಸುಳಿಯುವುದೇ ಇಲ್ಲ. ಆಮೇಲೆ ಹಾಸಿಗೆ ಒದ್ದೆಯಾಯಿತು ಅಂತ ಪಾಪದ ಬೆಕ್ಕಿಗೆ ಬೈಯುತ್ತೇವೆ. ನಾನೂ ಬೈದವಳೇ! ಬೇರೆ ಬೇರೆ ಕೋಣೆಯಲ್ಲಿ ಇಡಿ. ಊಟದ ತಟ್ಟೆಯ ಹತ್ತಿರ ಬೇಡ, ವಾಷಿಂಗ್ ಮಷಿನ್ ಪಕ್ಕವೂ ಬೇಡ.

ಬಾಕ್ಸ್ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟಾದರೂ ಇರಲಿ. ಅಂಗಡಿಯಲ್ಲಿ ಸಿಗುವವು ಸಾಮಾನ್ಯವಾಗಿ ಚಿಕ್ಕವು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ಒಂದು ಬದಿ ತಗ್ಗಾಗಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದರೆ ಸಾಕು. ಮುಚ್ಚಳ ಇರುವುದು ನಮ್ಮ ಮೂಗಿಗೆ ಹಿತ, ಅಷ್ಟೇ. ವಾಸನೆ ಒಳಗೇ ಉಳಿಯುತ್ತದೆ, ಇನ್ನೊಂದು ಬೆಕ್ಕು ಅಡ್ಡ ಬಂದರೆ ತಪ್ಪಿಸಿಕೊಳ್ಳಲು ದಾರಿಯೂ ಇಲ್ಲ.

ಸುವಾಸನೆ ಬೆರೆಸದ, ಒದ್ದೆಯಾದಾಗ ಉಂಡೆಗಟ್ಟುವ ಸಣ್ಣ ಕಣದ ಲಿಟರ್ (ಬಾಕ್ಸ್‌ಗೆ ತುಂಬುವ ಮರಳಿನಂಥ ಪುಡಿ) ಅನ್ನು ಹೆಚ್ಚಿನ ಬೆಕ್ಕುಗಳು ಒಪ್ಪುತ್ತವೆ. 5ರಿಂದ 7 ಸೆಂ.ಮೀ. ದಪ್ಪಕ್ಕೆ ಹಾಕಿ. ದಿನಕ್ಕೆ ಒಮ್ಮೆಯಾದರೂ ಬಾಕ್ಸ್‌ನಲ್ಲಿನ ಗಲೀಜನ್ನು ಬಾಚಿ ತೆಗೆಯಲೇಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು. ಗಂಡು ಬೆಕ್ಕು ಪದೇ ಪದೇ ಬಾಕ್ಸ್‌ಗೆ ಹೋಗಿ ತಿಣುಕುತ್ತಿದ್ದರೂ ಮೂತ್ರ ಬರದಿದ್ದರೆ, ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಆ ಕ್ಷಣವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.