ರಾಜೀನಾಮೆ ಕೊಡೋ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಸೀರಿಯಲ್‌ಗೆ ಡೈಲಾಗ್ ಬರೆದು ಬರೆದು ಕೈ ಕೆಟ್ಟುಹೋಯಿತು, ಕೆಲಸ ಬಿಟ್ಟು ಪತ್ತೇದಾರಿ ಕಾದಂಬರಿ ಬರೆಯುತ್ತೇನೆ ಅಂದಿದ್ದೀಯ. ಬರಿ, ಖಂಡಿತ ಬರಿ. ಆದರೆ ರಾಜೀನಾಮೆ ಕೊಡುವ ಮುಂಚೆ ಮಸಾಕಿ ತ್ಸುಜಿ ಅನ್ನುವ ಜಪಾನಿ ಅಜ್ಜನ ಕಥೆ ಕೇಳು.

1932ರಲ್ಲಿ ನಗೋಯಾದಲ್ಲಿ ಹುಟ್ಟಿದವರು. ಮೊದಲು ಎನ್‌ಎಚ್‌ಕೆ ಟಿವಿಯಲ್ಲಿ ಕೆಲಸ, ನಮ್ಮ ದೂರದರ್ಶನ ಇದ್ದ ಹಾಗೆ ಅದು ಜಪಾನಿನದು. ಆಗ ಟಿವಿ ನಾಟಕ ಅಂದರೆ ಲೈವ್. ನಟ ಮಾತು ಮರೆತರೆ ಅದೂ ಮನೆಮನೆಗೆ ಹೋಗುತ್ತಿತ್ತು. ಆಮೇಲೆ ಅದನ್ನು ಬಿಟ್ಟರು. (ಹ್ಞೂಂ, ಅವರೂ ಬಿಟ್ಟರು, ನಗಬೇಡ.) ಬಿಟ್ಟು ಕೂತದ್ದು ಕಾರ್ಟೂನ್‌ಗೆ ಬರೆಯಲು. ಆಸ್ಟ್ರೋ ಬಾಯ್, ಡೆವಿಲ್‌ಮ್ಯಾನ್, ಇನ್ನೂ ಎಷ್ಟೋ. 1969ರಲ್ಲಿ ಶುರುವಾಗಿ ಇನ್ನೂ ಮುಗಿಯದ 'ಸಾಜಾಯೆ-ಸಾನ್' ಅನ್ನೋ ಕಾರ್ಟೂನ್ ಸೀರಿಯಲ್‌ಗೆ ಮೊದಲ ಎಪಿಸೋಡಿನಿಂದಲೇ ಬರೆದವರು.

ಕಾದಂಬರಿಗೆ ಕೈ ಹಾಕಿದ್ದು ಈ ಗಡಿಬಿಡಿಯ ನಡುವೆಯೇ. 1972ರ ಮೊದಲ ಪುಸ್ತಕದಲ್ಲಿ, ಕೊಲೆಗಾರ ಓದುಗನೇ ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ! ಅದರಲ್ಲಿ ಬರುವ ಹುಡುಗನ ಹೆಸರು ಮಕಿ ಸತ್ಸುಜಿ. ತ್ಸು-ಜಿ-ಮ-ಸಾ-ಕಿ ಅನ್ನೋ ಅಕ್ಷರಗಳನ್ನು ಕಲಸಿ ನೋಡು, ಸಿಗುತ್ತದೆ. 1982ರಲ್ಲಿ ಜಪಾನಿನ ಪತ್ತೇದಾರಿ ಲೇಖಕರ ಸಂಘದ ಪ್ರಶಸ್ತಿ ತಂದುಕೊಟ್ಟ ಕಾದಂಬರಿಯ ನಾಯಕ ಕಾಮಿಕ್ಸ್ ಪತ್ರಿಕೆಯ ಸಂಪಾದಕ. ದುಡಿದ ಜಾಗವನ್ನೇ ಕಥೆ ಮಾಡಿಕೊಳ್ಳೋ ಮನುಷ್ಯ, ಅಲ್ವಾ?

2020ರಲ್ಲಿ, 88ನೇ ವಯಸ್ಸಿಗೆ, ತಾನು ಹುಡುಗನಾಗಿದ್ದ 1949ರ ನಗೋಯಾದ ಮೇಲೆ ಬರೆದ ಕಾದಂಬರಿ ಜಪಾನಿನ ಪತ್ತೇದಾರಿ ಪುಸ್ತಕಗಳ ಮೂರು ದೊಡ್ಡ ಪಟ್ಟಿಗಳಲ್ಲಿ ವರ್ಷದ ನಂಬರ್ ಒನ್ ಆಯಿತು. ನನಗೆ ಜಾಸ್ತಿ ಇಷ್ಟವಾದದ್ದು ಅದರ ಮುಂದಿನದು. 2022ರಲ್ಲಿ ಬಂತು. ಕಾಲ 1961, ಜಾಗ ಟಿವಿ ಸ್ಟುಡಿಯೋ. ಲೈವ್ ನಾಟಕ ನಡೆಯುತ್ತಿರುವಾಗಲೇ ನಾಯಕಿಯ ಕೊಲೆ. ಅರವತ್ತು ವರ್ಷ ಆ ಸ್ಟುಡಿಯೋ ಅವರ ತಲೆಯಲ್ಲಿತ್ತು ನೋಡು.

ಹೋದ ವಾರ ಟಿಆರ್‌ಪಿ ಬೀಳುತ್ತಿದೆ ಅಂತ ಸತ್ತ ಅತ್ತೆಯನ್ನು ಮತ್ತೆ ಬದುಕಿಸಿದರು ಅಂದೆಯಲ್ಲ, ಅದನ್ನು ಎಲ್ಲಾದರೂ ಬರೆದಿಟ್ಟಿದ್ದೀಯಾ? ಇಲ್ಲದಿದ್ದರೆ ಇವತ್ತೇ ಒಂದು ನೋಟ್‌ಬುಕ್ ತಗೋ. ಬೆಳಿಗ್ಗೆ ಅರ್ಧ ಗಂಟೆ ನಿನ್ನದು, ಮಿಕ್ಕಿದ್ದು ಸೀರಿಯಲ್‌ದು. ಒಂದು ವರ್ಷ ಹೀಗೆ ಮಾಡು, ಆಮೇಲೆ ಬಿಡೋ ಮಾತು.

ನಾನು ಮೂವತ್ತು ವರ್ಷ ಪ್ರೂಫ್ ತಿದ್ದಿದೆ. ಟೈಮೇ ಸಿಗಲಿಲ್ಲ, ಅದಕ್ಕೇ ಬರೆಯಲಿಲ್ಲ ಅಂತ ನಿಮ್ಮಮ್ಮನ ಹತ್ತಿರ ಹೇಳಿಕೊಂಡು ತಿರುಗಿದೆ. ಸುಳ್ಳು. ರಿಟೈರ್ ಆಗಿ ಆರು ವರ್ಷವಾಯಿತು, ಈಗ ಟೈಮ್ ಬಿಟ್ಟರೆ ಬೇರೇನೂ ಇಲ್ಲ, ಒಂದು ಪುಟವೂ ಆಗಿಲ್ಲ.

ದೀಪಾವಳಿಗೆ ಬರುವಾಗ ಮೊದಲ ಅಧ್ಯಾಯ ತಗೊಂಡು ಬಾ. ಪ್ರೂಫ್ ನಾನೇ ನೋಡುತ್ತೇನೆ. ಕೊಲೆಗಾರ ಯಾರು ಅಂತ ಮಾತ್ರ ಈಗಲೇ ಹೇಳಬೇಡ.

ಇಂತಿ ನಿನ್ನ
ಸೋದರಮಾವ